ಅಕ್ಷರ ಮುಗಿಯುವವರೆಗೆ

ನಮ್ಮ ಚಿಕ್ಕಪ್ಪನಿಗೆ ಕುಡಿತವಿಲ್ಲ, ಬೀಡಿಯಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಚಟ. ಯಾರಾದರೂ ಏನನ್ನಾದರೂ ತೋರಿಸಿ "ಹೇಗಿದೆ?" ಎಂದು ಕೇಳಿದರೆ, "ಚೆನ್ನಾಗಿದೆ" ಎಂದು ಹೇಳಿ ಸುಮ್ಮನೆ ಮನೆಗೆ ಬರುವುದು ಅವನಿಂದ ಆಗುವುದಿಲ್ಲ. ಹೊಸ ಬೈಕಿನ ಕನ್ನಡಿಯಲ್ಲಿ, ಆಗತಾನೆ ಹುಟ್ಟಿದ ಕೂಸಿನ ಕಿವಿಯಲ್ಲಿ, ಎಲ್ಲದರಲ್ಲೂ ಅವನಿಗೆ ಒಂದು ಕೊರತೆ ಕಾಣಲೇಬೇಕು. ಕಾಣದಿದ್ದರೆ ತನಗೇನೂ ಗೊತ್ತಿಲ್ಲವೆಂದು ಜನ ತಿಳಿದುಬಿಟ್ಟಾರು ಎಂಬ ಭಯ.

ಈ ಚಟದಿಂದ ನಾವು ಇದ್ದ ಮನೆಯನ್ನೇ ಕಳೆದುಕೊಳ್ಳುವ ಹಾಗಾಯಿತು.

ಮನೆಯ ಮಾಲೀಕರು ಕೆಳಗೆ, ನಾವು ಮೇಲೆ. ಅವರು ಪೊಲೀಸ್ ಇಲಾಖೆಯಲ್ಲಿ ಬೆರಳ ಗುರುತು, ಕಳ್ಳ ಸಹಿ ಪತ್ತೆ ಮಾಡುವ ಬೆರಳಚ್ಚು ವಿಭಾಗದಿಂದ ನಿವೃತ್ತರಾದವರು. ಬೀದಿಯವರೆಲ್ಲ ಬೆರಳಚ್ಚು ಸಾಹೇಬರು ಎಂದೇ ಕರೆಯುತ್ತಾರೆ. ಇಲಾಖೆ ಅವರನ್ನು ಬಿಟ್ಟಿದ್ದರೂ ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಒಮ್ಮೆ ನಾವು ಇಸಕೊಂಡಿದ್ದ ಪಾತ್ರೆಯನ್ನು ಹಿಂತಿರುಗಿಸಿದಾಗ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇದನ್ನ ನಿಮ್ಮನೇಲಿ ಯಾರೋ ಎಡಗೈಯವರು ಹಿಡಿದಿದಾರೆ" ಅಂದಿದ್ದರು. ನಮ್ಮ ಮನೆಯಲ್ಲಿ ಎಡಗೈಯವರು ಯಾರೂ ಇಲ್ಲ. ಆದರೂ ಅವತ್ತೆಲ್ಲ ಚಿಕ್ಕಪ್ಪ, ಚಿಕ್ಕಮ್ಮ, ನಾನು ಒಬ್ಬರ ಕೈ ಒಬ್ಬರು ನೋಡುತ್ತಲೇ ಊಟ ಮಾಡಿದೆವು.

ಇಂಥ ಸಾಹೇಬರು ಒಂದು ದಿನ ನಮ್ಮನ್ನು ಚಹಾಕ್ಕೆ ಕರೆದರು. ನಡುಮನೆಯ ಗೋಡೆಯ ಮೇಲೆ ಹೊಸದಾಗಿ ಒಂದು ಉದ್ದನೆಯ ಚೀನೀ ಬರಹ ನೇತಾಡುತ್ತಿತ್ತು. ಮೇಲಿಂದ ಕೆಳಕ್ಕೆ ದಪ್ಪ ಕಪ್ಪು ಅಕ್ಷರಗಳು. ಕೊನೆಯದು ನಾಲ್ಕೂ ಕಡೆ ಗೋಡೆ ಕಟ್ಟಿದ ಪುಟ್ಟ ಕೋಣೆಯಂತೆ ಇತ್ತು, ಒಳಗೆ ಏನೋ ಗೆರೆಗಳು. ಎದುರುಮನೆಯ ಟೀಚರಮ್ಮನೂ ಬಂದಿದ್ದರು. ರಿಟೈರಾದ ಮೇಲೆ ಇಡೀ ಬೀದಿಯೇ ಅವರ ಕ್ಲಾಸಾಗಿತ್ತು.

"ಕೈಬರಹ," ಎಂದರು ಸಾಹೇಬರು. "ಪ್ರದರ್ಶನದಲ್ಲಿ ತಗೊಂಡೆ. ಒಬ್ಬ ಮುದುಕ ಕೂತು, ಉಸಿರು ಬಿಗಿ ಹಿಡಿದು ಬರ್ದಿದ್ದಂತೆ. ಜಗತ್ತಲ್ಲಿ ಇದು ಒಂದೇ. ಹೇಗಿದೆ?"

ಟೀಚರಮ್ಮ "ಅದ್ಭುತ" ಎಂದರು. ಚಿಕ್ಕಮ್ಮ "ಬಟ್ಟೆ ಒಳ್ಳೇದಿದೆ" ಎಂದಳು. ಅವಳು ದರ್ಜಿ, ಅವಳಿಗೆ ಕಾಣುವುದು ಅದೇ. ನಾನು ಎಂದಿನಂತೆ ಚಹಾದ ಕಡೆ ನೋಡುತ್ತಿದ್ದೆ. ಚಿಕ್ಕಪ್ಪ ಎದ್ದು, ಕೈ ಹಿಂದಕ್ಕೆ ಕಟ್ಟಿಕೊಂಡು, ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದ. ಆ ವಾಲುವಿಕೆ ನೋಡಿದ ಕೂಡಲೇ ನನಗೂ ಚಿಕ್ಕಮ್ಮನಿಗೂ ಮುಂದಿನದು ಗೊತ್ತಾಗಿಹೋಯಿತು.

"ಕ್ರಮ ತಪ್ಪಿದೆ," ಎಂದ ಚಿಕ್ಕಪ್ಪ.

"ಏನು?"

"ಚೀನೀ ಅಕ್ಷರಕ್ಕೆ ಒಂದು ಕ್ರಮ ಇದೆ ಸಾರ್. ಯಾವ ಗೆರೆ ಮೊದಲು, ಯಾವುದು ಆಮೇಲೆ ಅಂತ. ಇವರು ಅಡ್ಡಾದಿಡ್ಡಿ ಬರ್ದಿದಾರೆ."

ಯಾವುದೋ ಪಾರ್ಸೆಲ್ಲಿಗೆ ಸುತ್ತಿದ್ದ ಪತ್ರಿಕೆಯ ತುಂಡಿನಲ್ಲಿ ಅವನು ಓದಿದ್ದು ಅಷ್ಟೇ ಎಂದು ಆಮೇಲೆ ತಿಳಿಯಿತು. ಅವನು ಪಾರ್ಸೆಲ್ ಆಫೀಸಿನ ಗುಮಾಸ್ತ. ಜಗತ್ತಿನ ಜ್ಞಾನವೆಲ್ಲ ಅವನಿಗೆ ಹೀಗೆ ಅರ್ಧ ಹರಿದೇ ದೊರೆಯುವುದು.

"ಹಾಗಾದ್ರೆ ಏನು ಬರ್ದಿದೆ? ಓದಿ ಹೇಳಿ," ಎಂದರು ಟೀಚರಮ್ಮ, ಬೆಂಚಿನ ಮೇಲೆ ನಿಲ್ಲಿಸುವ ದನಿಯಲ್ಲಿ.

ಚಿಕ್ಕಪ್ಪ ನಿಧಾನವಾಗಿ ಚಹಾ ಹೀರಿದ. "ಓದಬಹುದಿತ್ತು. ಆದ್ರೆ ಕ್ರಮ ತಪ್ಪಿದೆಯಲ್ಲ."

ಸಾಹೇಬರು, ಚಿಕ್ಕಪ್ಪ ಕೆಳಗಿಟ್ಟ ಚಹಾದ ಲೋಟವನ್ನು ಎರಡೇ ಬೆರಳಲ್ಲಿ, ಅಂಚು ಹಿಡಿದು, ಜೋಪಾನವಾಗಿ ಒಳಗೆ ಒಯ್ದರು.

ಮೆಟ್ಟಿಲು ಹತ್ತುವಾಗ ಚಿಕ್ಕಮ್ಮ ಕೇಳಿದಳು, "ರೀ, ನಿಮಗೆ ಚೀನೀ ಬರ್ತದೆ ಅಂತ ಇಷ್ಟು ವರ್ಷ ನನಗೆ ಹೇಳೇ ಇಲ್ವಲ್ಲ?"

"ಬರಲ್ಲ."

"ಮತ್ತೆ?"

"ಬರೋ ಹಾಗೆ ಮಾಡ್ಕೋಬೇಕು. ಪುಟ್ಟಿ, ನಿನ್ನ ಲೈಬ್ರರಿ ಕಾರ್ಡ್ ಎಲ್ಲಿದೆ?"

ಪುಟ್ಟಿ ಎಂದರೆ ನಾನು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತ ಅವರ ಮನೆಯಲ್ಲಿದ್ದೇನೆ. ಮಾತು ಕಡಿಮೆ. ಆದ್ದರಿಂದ ಎಲ್ಲರೂ ನನ್ನ ಎದುರಿಗೇ ಎಲ್ಲವನ್ನೂ ಆಡುತ್ತಾರೆ. ಗೋಡೆಗೂ ನನಗೂ ವ್ಯತ್ಯಾಸವೆಂದರೆ ಗೋಡೆ ಡೈರಿ ಬರೆಯುವುದಿಲ್ಲ.

ಪುಸ್ತಕ ಬಂತು. ಚಿಕ್ಕಪ್ಪ ಅದರಲ್ಲಿ ಮುಳುಗಿಹೋದ. ಮೇಲಿನ ಗೆರೆ ಮೊದಲು, ಕೆಳಗಿನದು ಆಮೇಲೆ. ಎಡದ್ದು ಮೊದಲು, ಬಲದ್ದು ಆಮೇಲೆ. ಅಡ್ಡ ಮೊದಲು, ಉದ್ದ ಆಮೇಲೆ. ಕೋಣೆಯಂಥ ಅಕ್ಷರವಾದರೆ ಮೊದಲು ಮೂರು ಗೋಡೆ ಕಟ್ಟಬೇಕು, ಒಳಗಿನವರೆಲ್ಲ ಒಳಗೆ ಬರಬೇಕು, ಕಟ್ಟಕಡೆಗೆ ಕೆಳಗಿನ ಗೆರೆ ಎಳೆದು ಬಾಗಿಲು ಹಾಕಬೇಕು. ಇದನ್ನು ಓದಿ ಅವನಿಗೆ ಕಣ್ಣಲ್ಲಿ ನೀರೇ ಬಂತು. "ನೋಡೇ, ಪಾರ್ಸೆಲ್ ಕಟ್ಟೋದೂ ಹೀಗೇ! ಮೊದಲು ಡಬ್ಬ, ಆಮೇಲೆ ಸಾಮಾನು, ಆಮೇಲೆ ಮುಚ್ಚಳ. ನಾನು ಜೀವಮಾನವೆಲ್ಲ ಚೀನೀನೇ ಮಾಡ್ತಿದ್ದೆ!"

ಕಾಗದ ಹಾಳಾಗದಿರಲೆಂದು ಕಲ್ಲಿನ ಮೇಲೆ ನೀರಿನಿಂದ ಅಭ್ಯಾಸ ಮಾಡಬಹುದು ಎಂದೂ ಆ ಪುಸ್ತಕದಲ್ಲಿತ್ತು. ಚಿಕ್ಕಪ್ಪ ತನ್ನ ಹಳೆಯ ಶೇವಿಂಗ್ ಬ್ರಷ್ಷನ್ನು ಪೊರಕೆಯ ಕೋಲಿಗೆ ಕಟ್ಟಿ, ಒಂದು ಬಕೆಟ್ ನೀರು ಹಿಡಿದು, ಬೆಳಿಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸಿನ ನಂತರ ಟೆರೇಸು ಹತ್ತತೊಡಗಿದ. ಮೊದಲು ಕಲಿಯಬೇಕಾದ ಅಕ್ಷರವೆಂದು ಪುಸ್ತಕ ಒಂದನ್ನು ಹೇಳಿತ್ತು. ಚುಕ್ಕೆ, ಅಡ್ಡ, ಉದ್ದ, ಕೊಕ್ಕೆ, ಇಳಿಜಾರು ಎಲ್ಲ ನಮೂನೆಯ ಗೆರೆಗಳೂ ಅದೊಂದರಲ್ಲೇ ಇವೆಯಂತೆ. ಅವನು ಅದನ್ನೇ ಬರೆದ. ಬರೆದದ್ದು ಒಣಗಿ ಮಾಯವಾಗುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದ. ಮತ್ತೆ ಅದನ್ನೇ ಬರೆದ.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅಕ್ಷರವನ್ನು ಶುರುಮಾಡಿದ ಮೇಲೆ ಮಧ್ಯದಲ್ಲಿ ಮನಸ್ಸು ಕದಲಬಾರದು, ಕದಲಿದರೆ ಮೊದಲಿನಿಂದ ಬರೆಯಬೇಕು ಎಂಬ ಇನ್ನೊಂದು ನಿಯಮವನ್ನು ಅವನು ಪುಸ್ತಕದಿಂದ ತೆಗೆದನೋ ತನ್ನ ತಲೆಯಿಂದ ತೆಗೆದನೋ, ಪಾಲಿಸತೊಡಗಿದ. ನೀರಿಲ್ಲದಾಗ ಬೆರಳಿಂದ ಗಾಳಿಯಲ್ಲಿ ಬರೆಯುತ್ತಿದ್ದ. ಆಗ ಯಾರು ಏನು ಕೇಳಿದರೂ ಅಕ್ಷರ ಮುಗಿಯುವವರೆಗೆ ಉತ್ತರವಿಲ್ಲ.

ಚಿಕ್ಕಮ್ಮ ಕೇಳಿದ್ದು ಇಂಥ ಒಂದು ಗಳಿಗೆಯಲ್ಲಿ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಗಂಡ ಕಿಟಕಿಯ ಗಾಳಿಯಲ್ಲಿ ಬೆರಳಾಡಿಸುವುದನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಸೂಜಿ ತೆಗೆದು, "ರೀ, ನಿಜ ಹೇಳಿ. ನಿಮಗೆ ಬೇರೆ ಯಾರಾದ್ರೂ ಇದಾರಾ?" ಎಂದಳು.

ಚಿಕ್ಕಪ್ಪ ಕೊಕ್ಕೆಯಲ್ಲಿದ್ದ. ಕೊಕ್ಕೆ ಮುಗಿಸಿದ. ಎಡಕ್ಕೆ ಇಳಿದ. ಮತ್ತೆ ಮೇಲೆ ಹೋಗಿ ಬಲಕ್ಕೆ ಇಳಿದ. ಕೊನೆಯಲ್ಲಿ ಬೆರಳನ್ನು ಮೆಲ್ಲಗೆ ಎತ್ತಿ, ತೃಪ್ತಿಯಿಂದ ಉಸಿರು ಬಿಟ್ಟು, "ಇಲ್ಲ" ಎಂದ.

"ಇಷ್ಟೊತ್ತು ಯೋಚ್ನೆ ಮಾಡಿ 'ಇಲ್ಲ' ಅಂತೀರಲ್ಲ!"

"ಯೋಚ್ನೆ ಮಾಡ್ಲಿಲ್ಲ ಕಣೇ, ಇಳಿಜಾರಿನಲ್ಲಿದ್ದೆ."

"ಜಾರಿದ್ದು ಗೊತ್ತಾಗ್ತಾನೇ ಇದೆ," ಎಂದಳು ಚಿಕ್ಕಮ್ಮ. ಮಾರನೆಯ ದಿನದಿಂದ ಅವನ ಅಂಗಿಯ ಜೇಬುಗಳನ್ನೆಲ್ಲ ಹೊಲಿದು ಮುಚ್ಚಿದಳು. ಬೇಕಾದ್ದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಲಿ, ಎಲ್ಲರೂ ನೋಡಲಿ ಎಂದು.

ಅತ್ತ ಎದುರುಮನೆಯ ಬಾಲ್ಕನಿಯಿಂದ ಟೀಚರಮ್ಮ ನೋಡುತ್ತಿದ್ದರು. ಅವರಿಗೆ ಕಂಡದ್ದು ಇಷ್ಟು: ಒಬ್ಬ ಗಂಡಸು ಬಕೆಟ್ಟಿನಲ್ಲಿ ಕೋಲು ಅದ್ದುತ್ತಾನೆ; ನೆಲದ ಮೇಲೆ ಏನೋ ಬರೆಯುತ್ತಾನೆ; ಅದು ಅಳಿಯುವವರೆಗೆ ಕಾವಲು ನಿಲ್ಲುತ್ತಾನೆ; ಅಳಿದ ಮೇಲೆ ನಗುತ್ತಾನೆ. ಅವರು ಬೀದಿ ದಾಟಿ ನೇರ ಸಾಹೇಬರಲ್ಲಿಗೆ ಹೋದರು.

"ಒಳ್ಳೇದನ್ನ ಬರೆಯೋನು ಉಳಿಯೋ ಹಾಗೆ ಬರೀತಾನೆ ಸಾಹೇಬ್ರೇ. ಅಳಿಸೋಕೇ ಅಂತ ಯಾರು ಬರೀತಾರೆ?"

ನಿವೃತ್ತಿಯಾದ ಮೇಲೆ ಸಾಹೇಬರಿಗೆ ಸಿಕ್ಕ ಮೊದಲ ಕೇಸು ಇದು. ಅವರು ಟೆರೇಸು ಹತ್ತಿ ಬಂದರು. ಒದ್ದೆ ಗೆರೆಯನ್ನು ಬೆರಳಲ್ಲಿ ಮುಟ್ಟಿ, ಮೂಸಿ, ನಾಲಗೆಯ ತುದಿಗೆ ಹಚ್ಚಿ, "ನೀರು" ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ನೀರೇ ಯಾಕೆ?" ಎಂದರು. ಮೊಬೈಲಿನಲ್ಲಿ ಫೋಟೊ ತೆಗೆಯಲು ಕನ್ನಡಕ ಹುಡುಕಿದರು. ಕನ್ನಡಕ ಹಾಕಿಕೊಂಡು ಗುರಿ ಹಿಡಿಯುವ ಹೊತ್ತಿಗೆ ಬಿಸಿಲು ಅಕ್ಷರವನ್ನು ಕುಡಿದುಬಿಟ್ಟಿತ್ತು. "ಸಾಕ್ಷ್ಯನಾಶ!" ಎಂದು ಅವರು ಬಿಸಿಲನ್ನೇ ಗದರಿಸಿದರು.

ಮರುದಿನ ಸೀಮೆಸುಣ್ಣ ತಂದರು. ಚಿಕ್ಕಪ್ಪ ಆಫೀಸಿಗೆ ಹೊರಟ ಕೂಡಲೇ ಓಡಿ ಹೋಗಿ, ಆರುತ್ತಿದ್ದ ಅಕ್ಷರದ ಸುತ್ತ, ಹೆಣ ಬಿದ್ದ ಜಾಗಕ್ಕೆ ಎಳೆಯುವಂತೆ, ಬಿಳಿ ಗೆರೆ ಎಳೆದರು. ಸಂಜೆ ಅದನ್ನು ಕಂಡ ಚಿಕ್ಕಪ್ಪ ಕೆಂಡವಾದ. "ಯಾರು ಇದನ್ನ ಬರ್ದಿದ್ದು? ಕೆಳಗಿಂದ ಮೇಲಕ್ಕೆ ಎಳೆದಿದಾರೆ! ಮಾನ ಮರ್ಯಾದೆ ಇಲ್ವಾ?"

ನೀರಿನ ಟ್ಯಾಂಕಿನ ಮರೆಯಿಂದ ಸಾಹೇಬರು ಹೊರಬಂದರು. "ನಾನೇ. ಈಗ ಹೇಳಿ. ಏನಿದು? ಯಾರಿಗೆ ಈ ಸಂದೇಶ?"

ಚಿಕ್ಕಪ್ಪ ಆಗಲೇ ಕೋಲು ಅದ್ದಿ, ಕೆಟ್ಟದ್ದನ್ನು ಸರಿಯಾಗಿ ಬರೆದು ತೋರಿಸಲು ಚುಕ್ಕೆಯಿಟ್ಟಾಗಿತ್ತು. ಅಂದರೆ ಉತ್ತರವಿಲ್ಲ. ಸಾಹೇಬರು ಬಟ್ಟೆ ತೆಗೆಯಲು ಬಂದಿದ್ದ ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ. ಹೆದರಬೇಡ." ಹೆದರಬೇಡ ಎಂದರೆ ನನಗೆ ಮಾತು ನಿಂತೇ ಹೋಗುತ್ತದೆ. ಒಣಹಾಕಿದ್ದ ಟವೆಲನ್ನು ಮಡಿಸಿದೆ, ಬಿಡಿಸಿದೆ, ಮತ್ತೆ ಮಡಿಸಿದೆ.

"ಇಡೀ ಸಂಸಾರಕ್ಕೇ ತರಬೇತಿ ಆಗಿದೆ," ಎಂದರು ಸಾಹೇಬರು, ಮೆಚ್ಚುಗೆಯಿಂದಲೇ.

ಅಷ್ಟರಲ್ಲಿ ಅಕ್ಷರ ಮುಗಿಯಿತು. ಚಿಕ್ಕಪ್ಪ ನೆಟ್ಟಗೆ ನಿಂತು, "ಇದರ ಅರ್ಥ 'ಎಂದೆಂದಿಗೂ' ಅಂತ ಸಾರ್," ಎಂದು ಹೆಮ್ಮೆಯಿಂದ ಹೇಳಿದ.

ಸಾಹೇಬರ ಮುಖ ಬಿಳಿಚಿತು. ಅವರು ಟೆರೇಸಿನ ಉದ್ದಗಲವನ್ನು ಒಮ್ಮೆ ನೋಡಿದರು. "ಎಂದೆಂದಿಗೂ. ನನ್ನ ಮನೆ ಮೇಲೆ. ಬೆಳಿಗ್ಗೆ ಸಂಜೆ."

"ಹೌದು ಸಾರ್. ಇನ್ನೂ ಕೈ ಕೂತಿಲ್ಲ."

"ಕೂರೋದೂ ಬೇಡ, ಬೇರೂರೋದೂ ಬೇಡ! ಬಾಡಿಗೆಗೆ ಬಂದೋರು ಮನೆ ನುಂಗೋದು ಹೀಗೇ ಅಂತ ಕೇಳಿದ್ದೆ. ಮೊದಲು ಗೋಡೆಗೆ ಮೊಳೆ ಹೊಡೀತಾರೆ, ಆಮೇಲೆ ಗಿಡ ನೆಡ್ತಾರೆ. ನೀವು ಬರವಣಿಗೇನೇ ಶುರು ಮಾಡಿದೀರಿ. ತಿಂಗಳ ಕೊನೆಗೆ ಖಾಲಿ ಮಾಡಿ."

ಅವತ್ತು ಚಿಕ್ಕಮ್ಮನ ಯಂತ್ರ ಓಡಲಿಲ್ಲ. ಅವಳ ಗಿರಾಕಿಗಳೆಲ್ಲ ಈ ಬೀದಿಯವರೇ. ಮಧ್ಯಾಹ್ನದ ಅಡುಗೆ ಮುಗಿಸಿ, ಚಪ್ಪಲಿಯನ್ನೂ ಹಾಕದೆ, ರವಿಕೆಯ ಬಟ್ಟೆ ಹಿಡಿದು ಬಂದುಬಿಡುವವರು. ಮನೆ ಬದಲಾಯಿಸಿದರೆ ಅವರಲ್ಲಿ ಒಬ್ಬಳೂ ಹಿಂದೆ ಬರುವುದಿಲ್ಲ. ದಾರ ಪೋಣಿಸಲು ಇಷ್ಟು ಚೆನ್ನಾದ ಬೆಳಕು ಬರುವ ಕಿಟಕಿಯೂ ಇನ್ನೆಲ್ಲೂ ಸಿಗದು. ಅವಳು ಯಂತ್ರದ ಮೇಲೆ ಮುಸುಕು ಹೊದಿಸಿ, ಚಿಕ್ಕಪ್ಪನಿಗೆ ಒಂದೇ ಮಾತು ಹೇಳಿದಳು. "ಅವತ್ತು 'ಚೆನ್ನಾಗಿದೆ' ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಸಾಹೇಬರು ತನಿಖೆಯನ್ನು ಅಷ್ಟಕ್ಕೇ ಬಿಡಲಿಲ್ಲ. ಪಾರ್ಸೆಲ್ ಆಫೀಸಿಗೇ ಹೋಗಿ ಮ್ಯಾನೇಜರನ್ನು ವಿಚಾರಿಸಿದರು. ಮ್ಯಾನೇಜರ್ ಬಾಗಿಲು ಹಾಕಿ, ದನಿ ತಗ್ಗಿಸಿ, "ಹೌದು, ಕೌಂಟರಲ್ಲಿ ಕೂತು ಗಾಳೀಲಿ ಏನೋ ಬರೀತಾರೆ. ನಾನು ಬೈದಾಗಲೆಲ್ಲ ಜಾಸ್ತಿ ಬರೀತಾರೆ. ನನ್ನ ಮೇಲೇ ಏನೋ ದೂರು ತಯಾರಾಗ್ತಿದೆ ಅಂತ ಫ್ಯಾನ್ ಕೆಳಗಿನ ಕುರ್ಚಿ ಅವರಿಗೇ ಕೊಟ್ಟಿದೀನಿ. ತಾವು ವಿಜಿಲೆನ್ಸ್‌ನವರಾ?" ಎಂದು ಕೇಳಿದರಂತೆ. ಸಾಹೇಬರು ಅಲ್ಲವೆಂದರೂ ಮ್ಯಾನೇಜರ್ ನಂಬದೆ ಗೇಟಿನವರೆಗೂ ಬಂದು ಬೀಳ್ಕೊಟ್ಟರು. ಸಂಜೆ ಚಿಕ್ಕಪ್ಪ ಮನೆಗೆ ಬಂದು, "ಆಫೀಸಲ್ಲಿ ನನ್ನ ಮರ್ಯಾದೆ ದಿನೇ ದಿನೇ ಏರ್ತಾ ಇದೆ, ಯಾಕೋ ಅನುಮಾನ" ಎಂದ.

ಕೊನೆಗೆ ಸಾಹೇಬರೇ ಒಂದು ದಾರಿ ತೆಗೆದರು. ಭಾನುವಾರ ಬೆಳಿಗ್ಗೆ ನಮ್ಮನ್ನೆಲ್ಲ ಕೆಳಗೆ ಕರೆಸಿದರು. ನಡುಮನೆಯಲ್ಲಿ ಅವರ ಹೆಂಡತಿ, ಸಾಕ್ಷಿಯಾಗಿ ಟೀಚರಮ್ಮ. ಮೇಜಿನ ಮೇಲೆ ಮಖಮಲ್ಲಿನ ಚೀಲ. ಅದರಿಂದ ಸಾಹೇಬರು ತಮ್ಮ ಸರ್ವಿಸಿನ ಭೂತಗನ್ನಡಿಯನ್ನು ತೆಗೆದರು.

"ನೋಡಿ, ನಾನು ಅನ್ಯಾಯ ಮಾಡೋನಲ್ಲ. ಈ ಎಲ್ಲಾದಕ್ಕೂ ಮೂಲ ನೀವು ಅವತ್ತು ಆಡಿದ ಮಾತು. 'ಕ್ರಮ ತಪ್ಪಿದೆ' ಅಂದ್ರಿ. ಒಂದು ಗೆರೆ ಮೇಲೆ ಇನ್ನೊಂದು ಗೆರೆ ಹೋದ್ರೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಈ ಕನ್ನಡಿ ಹೇಳುತ್ತೆ. ಕಳ್ಳ ಸಹಿ ಎಷ್ಟು ಹಿಡಿದಿಲ್ಲ ಇದು! ನೀವು ಸರಿಯಾದ ಕ್ರಮ ಹೇಳಿ, ನಾನು ನೋಡ್ತೀನಿ. ನಿಮ್ಮ ಮಾತು ನಿಜವಾದ್ರೆ ಮನೇಲಿ ಇರಿ. ಸುಳ್ಳಾದ್ರೆ ಜಾಗ ಖಾಲಿ ಮಾಡಿ."

"ಇಷ್ಟು ದಿನ ನೀವೇ ಇದನ್ನ ಕನ್ನಡೀಲಿ ನೋಡಿರ್ಲಿಲ್ವಾ?" ಎಂದರು ಟೀಚರಮ್ಮ.

"ನಾನು ತಂದದ್ದನ್ನ ನಾನೇ ಅನುಮಾನಿಸ್ಲಾ?" ಎಂದರು ಸಾಹೇಬರು.

ಪಾಪ, ಇಷ್ಟು ಕಲಿತ ಮೇಲೆ ಚಿಕ್ಕಪ್ಪನಿಗೆ ಒಂದು ಸತ್ಯ ಗೊತ್ತಾಗಿತ್ತು: ಬರೆದು ಮುಗಿದ ಅಕ್ಷರವನ್ನು ದೂರದಿಂದ ನೋಡಿ ಕ್ರಮ ತಪ್ಪಿದೆಯೆಂದು ಹೇಳಲು ಅವನಂಥವನಿಗೆ ಸಾಧ್ಯವೇ ಇಲ್ಲ. ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಟಾರ್ಚ್ ಹಿಡಿಯಲು ಯಾರಾದರೂ ಬೇಕಿತ್ತು. ಮಾತಾಡದವಳೆಂದು ನನ್ನ ಕೈಗೇ ಕೊಟ್ಟರು.

"ಕೊನೇ ಅಕ್ಷರ ತಗೊಳ್ಳಿ ಸಾರ್," ಎಂದ ಚಿಕ್ಕಪ್ಪ. "ಕೋಣೆ ಥರ ಇರೋದು. ಮೊದಲು ಎಡಗೋಡೆ. ಆಮೇಲೆ ಮೇಲಿನ ಸೂರು, ಹಾಗೇ ಬಲಗೋಡೆ. ಆಮೇಲೆ ಒಳಗಿನವರು. ಎಲ್ಲಾ ಆದ್ಮೇಲೆ ಕೆಳಗಿನ ಬಾಗಿಲು."

"ಮೊದಲು ಆಸಾಮಿ ಒಳಗೆ, ಆಮೇಲೆ ಬಾಗಿಲು ಬಂದ್," ಎಂದರು ಸಾಹೇಬರು ತಮಗೆ ತಾವೇ. "ಲಾಕಪ್ಪಿನ ಕ್ರಮ. ಸರಿಯಾಗೇ ಇದೆ." ಅವರು ಕನ್ನಡಿ ಹಿಡಿದು ಮೂಗು ತಾಗುವಷ್ಟು ಬಾಗಿದರು. ನಾನು ಬೆಳಕು ಬಿಟ್ಟೆ.

ಸಾಹೇಬರು ನೋಡಿದರು. ಕನ್ನಡಿಯನ್ನು ಸರಿಸಿ ನೋಡಿದರು. ಕಣ್ಣುಜ್ಜಿಕೊಂಡು ನೋಡಿದರು.

"ಏನು ಕಾಣ್ತಿದೆ?" ಎಂದರು ಟೀಚರಮ್ಮ. ಉತ್ತರವಿಲ್ಲ.

"ರೀ, ಏನಾಯ್ತು?" ಎಂದರು ಸಾಹೇಬರ ಹೆಂಡತಿ. ಉತ್ತರವಿಲ್ಲ.

ಚಿಕ್ಕಮ್ಮ ನನ್ನ ಕಿವಿಯಲ್ಲಿ, "ಇವರಿಗೂ ಅಂಟ್ತಾ ಅದು?" ಎಂದಳು.

ಟಾರ್ಚ್ ಹಿಡಿದವಳಿಗೆ ಒಂದು ಅನುಕೂಲವಿದೆ. ಬೆಳಕು ಬೀಳುವ ಕಡೆ ಅವಳೂ ನೋಡಬಹುದು. ಕನ್ನಡಿಯ ಅಂಚಿನಲ್ಲಿ ನನಗೂ ಕಂಡಿತು. ಗೆರೆಯ ಮಗ್ಗುಲಿನ ಬೂದುಬಣ್ಣದಲ್ಲಿ ಸಾಲುಸಾಲಾಗಿ, ಸಿಪಾಯಿಗಳಂತೆ ನಿಂತ ಸಣ್ಣ ಸಣ್ಣ ಚುಕ್ಕೆಗಳು. ಪತ್ರಿಕೆಯ ಫೋಟೊವನ್ನು ತೀರ ಹತ್ತಿರದಿಂದ ನೋಡಿದರೆ ಕಾಣುತ್ತವಲ್ಲ, ಅವೇ. ಯಾವ ಗೆರೆಯೂ ಯಾವ ಗೆರೆಯ ಮೇಲೂ ಹೋಗಿರಲಿಲ್ಲ. ಎಲ್ಲವೂ ಒಂದೇ ಏಟಿಗೆ ಮಷಿನ್ನಿನಿಂದ ಬಿದ್ದದ್ದು. ಮುದುಕನೂ ಇಲ್ಲ, ಅವನು ಬಿಗಿ ಹಿಡಿದ ಉಸಿರೂ ಇಲ್ಲ.

ಸಾಹೇಬರು ಕನ್ನಡಿ ಇಳಿಸಿದರು. ಜೀವಮಾನವೆಲ್ಲ ಊರಿನ ಕಳ್ಳ ಸಹಿಗಳನ್ನು ಹಿಡಿದವರು, ತಮ್ಮ ಮನೆಯ ಗೋಡೆಗೆ ತಾವೇ ಮೊಳೆ ಹೊಡೆದು ಪ್ರಿಂಟನ್ನು ನೇತುಹಾಕಿಕೊಂಡಿದ್ದರು. ಅದನ್ನು ನೋಡಲು ಬೀದಿಯವರನ್ನು ಚಹಾಕ್ಕೂ ಕರೆದಿದ್ದರು. ಅವರ ಕಿವಿಗಳು ಕೆಂಪಾದವು.

"ನಾನೂ ನೋಡ್ಬಹುದಾ ಸಾರ್?" ಎಂದು ಚಿಕ್ಕಪ್ಪ ಅವರ ಕೈಯಿಂದ ಕನ್ನಡಿ ತೆಗೆದುಕೊಂಡೇಬಿಟ್ಟ. ಬಗ್ಗಿ ನೋಡಿದ. ತಲೆಯನ್ನು ಎಡಕ್ಕೆ ವಾಲಿಸಿದ. ಆಮೇಲೆ ಬಲಕ್ಕೆ. ನಾನು ಒಂದು ಕ್ಷಣ ಕಣ್ಣು ಮುಚ್ಚಿಕೊಂಡೆ. ಜನ್ಮದಲ್ಲಿ ಮೊದಲ ಬಾರಿಗೆ ಅವನ ಕೈಗೆ ನಿಜವಾದ ಕೊರತೆಯೊಂದು ಸಿಕ್ಕಿತ್ತು. ಒಂದು ಮಾತು ಅಂದರೆ ಸಾಕು, ಗೆಲುವು ಅವನದು. ಟೀಚರಮ್ಮ ಅದನ್ನು ಸಂಜೆಯೊಳಗೆ ಬೀದಿಯ ಎರಡೂ ತುದಿ ಮುಟ್ಟಿಸುತ್ತಾರೆ. ಆಮೇಲೆ ಆ ಮನೆಯಲ್ಲಿ ನಾವು ಇರುವುದಾದರೂ ಹೇಗೆ?

"ಹೇಗಿದೆ?" ಎಂದು ಸಾಹೇಬರು ಕೇಳಿದರು. ಅದು ಕೇಳಿದಂತಿರಲಿಲ್ಲ, ಬೇಡಿದಂತಿತ್ತು.

ಚಿಕ್ಕಪ್ಪ ಕನ್ನಡಿಯನ್ನು ಜೋಪಾನವಾಗಿ ಮಖಮಲ್ಲಿನ ಮೇಲಿಟ್ಟ. ಅವರ ಮುಖ ನೋಡಿದ. ಆಮೇಲೆ ಹೆಂಡತಿಯ ಬೆರಳಿಗೆ ಸುತ್ತಿಕೊಂಡಿದ್ದ ಸೆರಗನ್ನು ನೋಡಿದ.

"ಚೆನ್ನಾಗಿದೆ," ಎಂದ.

ಚಿಕ್ಕಮ್ಮ ದಿಗ್ಗನೆ ತಲೆಯೆತ್ತಿದಳು. ಟೀಚರಮ್ಮ ಕುರ್ಚಿಯಿಂದ ಅರ್ಧ ಎದ್ದರು. "ಚೆನ್ನಾಗಿದೆ ಅಂದ್ರೆ? ಕ್ರಮ ಸರಿಯಾಗಿದೆ ಅಂತಾಯ್ತಲ್ಲ! ಹಾಗಾದ್ರೆ ಇವರು ಸೋತ್ರು, ಮನೆ ಖಾಲಿ ಮಾಡ್ಬೇಕು. ಅಲ್ವಾ ಸಾಹೇಬ್ರೇ?"

ಸಾಹೇಬರು ಕೆಮ್ಮಿದರು. ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ಆರಿಸಿದರು. ನನ್ನನ್ನೂ ಒಂದು ಸಲ ದಿಟ್ಟಿಸಿ ನೋಡಿದರು. ನಾನು ನೆಲ ನೋಡಿದೆ.

"ಪರೀಕ್ಷೆ ಅಪೂರ್ಣ," ಎಂದರು, ಇಲಾಖೆಯ ದನಿಯಲ್ಲಿ. "ಇನ್ನೂ ಹೆಚ್ಚಿನ ತನಿಖೆ ಆಗ್ಬೇಕು. ತನಿಖೆ ಮುಗಿಯೋವರೆಗೆ ಈ ಮೂರು ಜನ ಈ ಮನೆ ಬಿಟ್ಟು ಎಲ್ಲಿಗೂ ಹೋಗೋ ಹಾಗಿಲ್ಲ."

"ಎಷ್ಟು ದಿನ ಆಗ್ಬಹುದು ತನಿಖೆ?"

"ಅದನ್ನ ಹೇಳೋಕಾಗಲ್ಲ," ಎಂದು ಸಾಹೇಬರು ಚಿಕ್ಕಪ್ಪನ ಕಡೆ ನೋಡಿದರು. "ಎಂದೆಂದಿಗೂ ನಡೀಬಹುದು."

ಅವತ್ತಿನಿಂದ ಸಾಹೇಬರು ಬೆಳಿಗ್ಗೆ ಸಂಜೆ ಟೆರೇಸಿಗೆ ಬರುತ್ತಾರೆ. ಚಿಕ್ಕಪ್ಪ ಬಾಯಿಬಿಟ್ಟಾನೋ ಎಂದು ಅವರಿಗೆ ಅನುಮಾನ. ಅವರು ಮನಸ್ಸು ಬದಲಾಯಿಸಿ ಖಾಲಿ ಮಾಡಿ ಎಂದಾರೋ ಎಂದು ಚಿಕ್ಕಪ್ಪನಿಗೆ ಅನುಮಾನ. ಹಾಗಾಗಿ ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಸುಮ್ಮನೆ ನಿಲ್ಲಲು ಬೇಸರವಾಗಿ ಸಾಹೇಬರೂ ಒಂದು ಬ್ರಷ್ ತಂದಿದ್ದಾರೆ. ಅವರು ಬರೆಯುವ ಕೋಣೆಗಳು ಬಹಳ ಭದ್ರ. ಕೆಳಗಿನ ಗೆರೆ ಎಳೆದ ಮೇಲೆ ಬೀಗ ಹಾಕಿದಂತೆ ಬ್ರಷ್ಷನ್ನು ಒಂದು ಸುತ್ತು ತಿರುಗಿಸುತ್ತಾರೆ. ಎದುರು ಬಾಲ್ಕನಿಯಲ್ಲಿ ಟೀಚರಮ್ಮ ಇಬ್ಬರ ಮೇಲೂ ಕಣ್ಣಿಟ್ಟಿದ್ದಾರೆ. ಇದಕ್ಕೊಂದು ಗುಂಪೇ ಇದೆಯೆಂದು ಅವರಿಗೆ ಈಗ ಖಾತ್ರಿಯಾಗಿದೆ.

ಚಿಕ್ಕಮ್ಮ ಯಂತ್ರದ ಮುಸುಕು ತೆಗೆದಳು. ಚಿಕ್ಕಪ್ಪನ ಜೇಬುಗಳ ಹೊಲಿಗೆಯನ್ನೂ ಬಿಚ್ಚಿದಳು. ಇಷ್ಟೇ ಅಲ್ಲ, ಅವನ ಬರವಣಿಗೆಯ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಅಪಾರ ಗೌರವ ಬಂದಿದೆ. ಮೊನ್ನೆ ಅವಳೇ ಅಂಗಡಿಗೆ ಹೋಗಿ ಒಳ್ಳೆಯ ಬ್ರಷ್ ತಂದುಕೊಟ್ಟಳು. ಅವನು ಅಕ್ಷರದ ನಟ್ಟನಡುವೆ, ಕೊಕ್ಕೆಯಲ್ಲಿರುವಾಗ, ಚಹಾ ತಂದು ಪಕ್ಕದಲ್ಲಿಟ್ಟು ಮೆಲ್ಲಗೆ ಕೇಳುತ್ತಾಳೆ: "ರೀ, ನನ್ನ ತಂಗಿ ಬಂದು ಒಂದು ತಿಂಗಳು ಇರ್ಲಾ? ಈ ಹಳೇ ಸೋಫಾ ತೆಗೆದುಹಾಕ್ಲಾ?" ಉತ್ತರ ಬರುವುದಿಲ್ಲ. "ಮೌನವೇ ಸಮ್ಮತಿ. ಕೇಳಿಸ್ಕೊಂಡೆಯಲ್ಲ ಪುಟ್ಟಿ, ನೀನೇ ಸಾಕ್ಷಿ," ಎಂದು ಇಳಿದುಹೋಗುತ್ತಾಳೆ.

ನಿನ್ನೆ ಅವಳ ತಂಗಿ ಎರಡು ಸೂಟ್‌ಕೇಸಿನೊಂದಿಗೆ ಬಂದಿಳಿದಳು. ಸೋಫಾ ಇದ್ದ ಜಾಗದಲ್ಲಿ ನಿಂತುಕೊಂಡೇ ಚಿಕ್ಕಪ್ಪ ಚಹಾ ಕುಡಿಯುತ್ತಿದ್ದ. ಚಿಕ್ಕಮ್ಮ ಪುಸ್ತಕದ ಹಾಳೆಗಳನ್ನು ಮಗುಚಿ ಹಾಕುತ್ತ, ತೀರ ಪ್ರೀತಿಯಿಂದ ಕೇಳಿದಳು.

"ರೀ, ಇದಕ್ಕಿಂತ ಇನ್ನೂ ಜಾಸ್ತಿ ಗೆರೆ ಇರೋ ಅಕ್ಷರ ಯಾವುದೂ ಇಲ್ವಾ?"